ಕಾಡಿನ ಗುಹೆಯ ಒಂಟಿ ಸನ್ಯಾಸಿ: ಈ ಭೇಟಿಯನ್ನು ಹೇಗೆ ಕಟ್ಟೋಣ?

ಡೊಂಬಿವಲಿ ಡಿಎಂ

ಎಲ್ಲರಿಗೂ ನಮಸ್ಕಾರ. ನಮ್ಮ ಟೇಬಲ್, ಅಂದರೆ ಆಟದ ಗುಂಪು, ಭಾನುವಾರ ಮಧ್ಯಾಹ್ನ ಠಾಣೆಯಲ್ಲಿ ಕೂರುತ್ತದೆ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಒಬ್ಬೊಬ್ಬರೂ ಒಂದು ಪಾತ್ರ ವಹಿಸಿ ಮಾತು, ದಾಳದಿಂದ ಕಥೆ ಮುಂದುವರಿಸುವ ಆಟ. ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು. ನಿಯಮಗಳು ಐದನೇ ಆವೃತ್ತಿಯವು. ಜಗತ್ತು ಮಾತ್ರ ನಾವೇ ಕಟ್ಟಿದ್ದು. ಆಟ ನಡೆಯುವುದು ಕನ್ನಡದಲ್ಲಿ, ನಡುನಡುವೆ ತುಳು, ಮರಾಠಿ.

ಕಥೆ ಈಗ ಘಟ್ಟದ ಬುಡಕ್ಕೆ ಬಂದು ನಿಂತಿದೆ. ಪಾರ್ಟಿ, ಅಂದರೆ ಆಟಗಾರರ ಪಾತ್ರಗಳ ತಂಡ, ಆಚೆ ದಾಟಬೇಕು. ಹಳೇ ಉಪ್ಪಿನ ದಾರಿ ಬಂಡೆ ಕೊರೆದ ಸುರಂಗದೊಳಗೆ ಹಾದುಹೋಗುತ್ತದೆ. ಆ ಸುರಂಗದ ಬಾಗಿಲು ಮುಚ್ಚಿ ನಲವತ್ತು ವರ್ಷ ಆಗಿದೆ. ತೆಗೆಯುವ ಬಗೆ ಗೊತ್ತಿರುವುದು ಒಬ್ಬರಿಗೇ, ಬಾಗಿಲ ಪಕ್ಕದ ಗುಹೆಯಲ್ಲಿ ಒಂಟಿಯಾಗಿರುವ ಮುದುಕ ಸನ್ಯಾಸಿಗೆ.

ಈಗ ನನ್ನ ಹತ್ತಿರ ಇರುವುದು ಇಷ್ಟೇ: ಗುಹೆ, ಬಿಳಿ ಗಡ್ಡ, ಒಗಟಿನ ಮಾತು. ನನಗೆ ಬೇಕಾಗಿರುವುದು ಬೇರೆ. ಆಟಗಾರರು ಮನೆಗೆ ಹೋಗುವಾಗ ಲೋಕಲ್‌ನಲ್ಲಿ ನಿಂತುಕೊಂಡು ಈ ವ್ಯಕ್ತಿಯ ಬಗ್ಗೆಯೇ ಮಾತಾಡಬೇಕು. ಅವನು ಸ್ಟೇಷನ್ನಿನ ವಿಚಾರಣೆ ಕಿಟಕಿ ಆಗಬಾರದು, ಪ್ರಶ್ನೆ ಕೇಳಿ ಉತ್ತರ ತಗೊಂಡು ಹೊರಡುವ ಹಾಗೆ. ಕತ್ತಿ ತೆಗೆದು ಹೆದರಿಸಿ ಬಾಯಿ ಬಿಡಿಸುವ ಹಾಗೂ ಇರಬಾರದು.

ನೀವು ಇಂಥ ಎನ್‌ಪಿಸಿ (ಡಿಎಂ ಆಡಿಸುವ ಪಾತ್ರ) ಬರೆಯುವಾಗ ಹಾಳೆಯ ಮೇಲೆ ಮೊದಲು ಏನು ಬರೆಯುತ್ತೀರಿ?

ಕೊಥ್ರೂಡ್ ಗುಹೆ

ಗಡ್ಡ, ಕೋಲು, ಒಗಟು ಎಲ್ಲ ಆಮೇಲೆ. ನಾನು ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಈ ಮನುಷ್ಯ ಊರು ಬಿಟ್ಟದ್ದು ಯಾಕೆ? ಇವನಿಗೆ ಅಕ್ಕಿ ತಂದುಕೊಡುವವರು ಯಾರು? ಪಾರ್ಟಿ ಇವತ್ತೇ ಬಂದದ್ದರಿಂದ ಇವನಿಗೆ ಏನು ಫರಕು ಬೀಳುತ್ತದೆ?

ಎರಡನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯ. ನಾನು ಪುಣೆಯಲ್ಲಿ ಇರುವವನು, ಮಳೆಗಾಲದಲ್ಲಿ ಕಾರ್ಲಾ, ಭಾಜಾದ ಗುಹೆಗಳ ಕಡೆ ಹೋಗುತ್ತಿರುತ್ತೇನೆ. ಗುಹೆ ಅಂದ ತಕ್ಷಣ ನಾವು ಜನರಿಂದ ದೂರದ ಜಾಗ ಅಂದುಕೊಳ್ಳುತ್ತೇವೆ. ಆದರೆ ಈ ಗುಹೆಗಳಿರುವುದು ಸಮುದ್ರದ ಕಡೆಯಿಂದ ಘಟ್ಟ ಹತ್ತುವ ವ್ಯಾಪಾರದ ದಾರಿಯ ಮೇಲೆ. ಕಾರ್ಲಾದ ದೊಡ್ಡ ಚೈತ್ಯ (ಬೌದ್ಧರ ಪ್ರಾರ್ಥನೆಯ ಗುಹೆ) ಸುಮಾರು 2000 ವರ್ಷ ಹಳೆಯದು. ಅದರ ಮುಂಭಾಗದ ಶಾಸನದಲ್ಲಿ ಒಬ್ಬ ಸೆಟ್ಟಿಯ ಹೆಸರಿದೆ, ಭೂತಪಾಲ. ಅವನು ವೈಜಯಂತಿಯವನು. ವೈಜಯಂತಿ ಅಂದರೆ ನಮ್ಮ ಬನವಾಸಿ ಅಂತ ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ಕಡೆಯ ವ್ಯಾಪಾರಿಯೊಬ್ಬ ಅಷ್ಟು ದೂರ ಬಂದು ಭಿಕ್ಷುಗಳಿಗೆ ಕಲ್ಲಿನ ಮನೆ ಪೂರ್ತಿ ಮಾಡಿಸಿಕೊಟ್ಟಿದ್ದಾನೆ. ಒಳಗಿನ ಕಂಬಗಳ ಮೇಲೆ ಯವನ ದಾನಿಗಳ ಹೆಸರೂ ಇದೆ.

ಬೊರಿವಲಿಯ ಕನ್ಹೇರಿಯೂ ಹಾಗೆಯೇ. ನೂರಕ್ಕೂ ಹೆಚ್ಚು ಗುಹೆ. ಮಲಗಲು ಕಲ್ಲಿನ ಜಗಲಿ, ಪಕ್ಕದಲ್ಲಿ ಮಳೆ ನೀರು ತುಂಬುವ ತೊಟ್ಟಿ, ನೀರು ಹರಿಯಲು ಬಂಡೆಯಲ್ಲೇ ಕೊರೆದ ಕಾಲುವೆ. ಕಲ್ಯಾಣ್, ಸೋಪಾರಾ ಕಡೆಯ ಜನ ಕೊಟ್ಟ ದಾನದ ಲೆಕ್ಕ ಗೋಡೆಯ ಮೇಲೇ ಇದೆ. ಒಂಟಿಯಾಗಿ ಕೂತವನ ಹಿಂದೆಯೂ ಒಂದು ಊರು ಇರುತ್ತದೆ.

ಆಟದಲ್ಲಿ ಇದರಿಂದ ಏನು ಲಾಭ? ಪಾರ್ಟಿ ಗುಹೆ ತಲುಪುವ ಮೊದಲೇ ಸನ್ಯಾಸಿಯನ್ನು ಅರ್ಧ ಭೇಟಿ ಮಾಡಿಸಬಹುದು. ಊರಿನ ಅಂಗಡಿಯಲ್ಲಿ, ಹೊರುವವನ ಮಾತಿನಲ್ಲಿ, ಗುಡಿಸಿಟ್ಟ ಮೆಟ್ಟಿಲಿನಲ್ಲಿ ಅವನು ಕಾಣಬೇಕು.

ಮಡಗಾಂವ್ ದಾಳ

ಕೊಥ್ರೂಡ್ ಅಣ್ಣ ಹೇಳಿದ್ದು ಸರಿ. ನಾನು ದಾಳದ ಮಾತು ಸೇರಿಸುತ್ತೇನೆ, ಯಾಕೆಂದರೆ ಇಂಥ ಭೇಟಿ ಕೆಡುವುದು ಹೆಚ್ಚಾಗಿ ಅಲ್ಲೇ.

ಬಾಗಿಲು ತೆಗೆಯುವ ಗುಟ್ಟನ್ನು ಪರ್ಸುಯೇಷನ್ (ಮಾತಿನಿಂದ ಒಪ್ಪಿಸುವ) ರೋಲ್‌ಗೆ ಕಟ್ಟಬೇಡಿ. ಲೆಕ್ಕ ನೋಡಿ. ಹಾಕುವುದು ಇಪ್ಪತ್ತು ಮುಖದ ದಾಳ. ಡಿಸಿ, ಅಂದರೆ ಗೆಲ್ಲಲು ಮುಟ್ಟಬೇಕಾದ ಅಂಕಿ, 15. ಬಿದ್ದದ್ದಕ್ಕೆ ಆಟಗಾರನ ಕೌಶಲದಿಂದ ಸೇರುವುದು +3. 12 ಅಥವಾ ಜಾಸ್ತಿ ಬೀಳಬೇಕು. ಗೆಲ್ಲುವ ಸಾಧ್ಯತೆ 45%. ಅಂದರೆ ಅರ್ಧಕ್ಕಿಂತ ಹೆಚ್ಚು ಸಲ ಕಥೆ ಅಲ್ಲೇ ನಿಲ್ಲುತ್ತದೆ. ಸರಿ, ಐದು ಜನರಿಗೂ ಒಂದೊಂದು ಸಲ ಬಿಡೋಣ ಅಂತೀರಾ? ಎಲ್ಲರಿಗೂ +3 ಇದ್ದರೆ ಒಬ್ಬರಾದರೂ ಗೆಲ್ಲುವ ಸಾಧ್ಯತೆ 95%. ಆಗ ರೋಲ್ ಮಾಡಿಸಿ ಏನು ಪ್ರಯೋಜನ? ಎರಡೂ ಕಡೆ ಆ ಮುದುಕನ ಮನಸ್ಸಿಗೆ ಜಾಗವೇ ಇಲ್ಲ.

ದಾಳ ಬೇಕೇ ಬೇಕು ಅಂದರೆ ಹಳೇ ರಿಯಾಕ್ಷನ್ ರೋಲ್ ಬಳಸಿ. 1981ರ ಬೇಸಿಕ್ ಆವೃತ್ತಿಯಲ್ಲಿ ಎರಡು ಆರು-ಮುಖದ ದಾಳ ಹಾಕುತ್ತಿದ್ದರು. 2 ಬಿದ್ದರೆ ನೇರ ದಾಳಿ, 12 ಬಿದ್ದರೆ ಉತ್ಸಾಹದ ಗೆಳೆತನ, 6ರಿಂದ 8ರ ತನಕ ಅನುಮಾನ, ಏನೂ ತೀರ್ಮಾನವಿಲ್ಲ. 36 ಬಗೆಯಲ್ಲಿ 16 ಈ ನಡುವಿನ ಅನುಮಾನಕ್ಕೇ ಬೀಳುತ್ತವೆ, ಅಂದರೆ ಸುಮಾರು 44%. ಎರಡೂ ತುದಿಗಳಿಗೆ ಸಿಗುವುದು ಒಂದೊಂದೇ. ಒಂಟಿಯಾಗಿ ಇರುವವರಿಗೆ ಇದು ತುಂಬಾ ಹೊಂದುತ್ತದೆ. ಅವರು ಬಂದವರನ್ನು ತಬ್ಬಿಕೊಳ್ಳುವುದೂ ಇಲ್ಲ, ಓಡಿಸುವುದೂ ಇಲ್ಲ. ಸ್ವಲ್ಪ ಹೊತ್ತು ನೋಡುತ್ತಾರೆ.

ದಾಳ ಮನಸ್ಥಿತಿ ಹೇಳಲಿ. ಗುಟ್ಟು ಸಿಗುವುದು ಆಟಗಾರರು ಮಾಡುವ ಕೆಲಸದಿಂದ ಆಗಲಿ.

ವಾಶಿ ರೋಗ್

ನಾನು ಡಿಎಂ ಅಲ್ಲ, ಆಟಗಾರ್ತಿ. ಟೇಬಲ್ಲಿನ ಈಚೆ ಕಡೆಯಿಂದ ಹೇಳುತ್ತೇನೆ.

ಒಗಟಿನ ಮಾತು ಬೇಡವೇ ಬೇಡ. "ಬಾಗಿಲು ನಿನ್ನೊಳಗೇ ಇದೆ ಮಗು" ಅನ್ನುವ ಥರದ ಮಾತು ಕೇಳಿದರೆ ನಮಗೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಡಿಎಂಗೂ ಅದರ ಅರ್ಥ ಗೊತ್ತಿಲ್ಲ ಅಂತ ನಮಗೆ ಅನುಮಾನ ಬಂದರೆ ಮುಗಿಯಿತು, ನಿಗೂಢ ಅನ್ನುವುದು ಅಲ್ಲೇ ಸಾಯುತ್ತದೆ.

ನನಗೆ ಇಷ್ಟ ಆಗುವುದು ಸರಳವಾಗಿ ಮಾತಾಡುವ, ಆದರೆ ವಿಚಿತ್ರವಾದ ಕೆಲಸ ಮಾಡುವ ವ್ಯಕ್ತಿ. ಅವನು "ಅಕ್ಕಿ ಆರಿಸಿಕೊಡು" ಅಂತಾನೆ, ನಾನು ಆರಿಸುತ್ತೇನೆ. ಆದರೆ ಒಬ್ಬನಿಗೆ ಇಷ್ಟೊಂದು ಅಕ್ಕಿ ಯಾಕೆ? ಆ ಪ್ರಶ್ನೆ ನನ್ನೊಳಗೇ ಹುಟ್ಟಿದರೆ ನಾನು ರಾತ್ರಿ ನಿದ್ದೆ ಮಾಡುವುದಿಲ್ಲ. ನಮ್ಮ ಕೈಗೆ ಕೆಲಸ ಕೊಡಿ. ಮಾಡು ಸೋರುತ್ತಿದ್ದರೆ ಸರಿ ಮಾಡಿಸಿ, ನೀರು ತರಿಸಿ. ಕೆಲಸ ಮಾಡುತ್ತಾ ನಾವು ಸುತ್ತ ನೋಡುತ್ತೇವೆ. ಎದುರು ಕೂತು ಮಾತಾಡುವಾಗ ನಾವು ಅವನ ಮುಖ ಮಾತ್ರ ನೋಡುತ್ತೇವೆ.

ಇನ್ನೊಂದು, ದಯವಿಟ್ಟು ಅವನಿಗೆ ನಮ್ಮ ಹೆಸರು, ನಮ್ಮ ಹಿಂದಿನ ಕಥೆ ಎಲ್ಲ ಮೊದಲೇ ಗೊತ್ತಿರುವ ಹಾಗೆ ಮಾಡಬೇಡಿ. ಎಲ್ಲ ಗೊತ್ತಿರುವವನ ಎದುರು ನಾವು ಏನು ಹೇಳಿದರೂ ಒಂದೇ ಅಲ್ವಾ?

ಮಾಟುಂಗಾ ಗುಹೇಶ್ವರ

ನಾವು ಕನ್ನಡಿಗರು ಈ ವಿಷಯಕ್ಕೆ ಬೇರೆಲ್ಲೋ ಹುಡುಕಬೇಕಾಗಿಲ್ಲ ಮಾರಾಯ್ರೆ. ಒಂಟಿ ಸಾಧಕನ ಭೇಟಿ ಹೇಗಿರಬೇಕು ಅನ್ನುವುದಕ್ಕೆ ಹರಿಹರನ ಪ್ರಭುದೇವರ ರಗಳೆಯಲ್ಲಿ ಒಂದು ಪ್ರಸಂಗ ಇದೆ. ಅಲ್ಲಮ ಪ್ರೀತಿಯ ಹೆಂಡತಿಯನ್ನು ಕಳೆದುಕೊಂಡು ದಿಕ್ಕಿಲ್ಲದೆ ಅಲೆಯುತ್ತಿದ್ದಾನೆ. ಒಂದು ತೋಟದಲ್ಲಿ ಸುಮ್ನೆ ಕೂತು ಕಾಲ್ಬೆರಳಿನಿಂದ ನೆಲ ಕೆರೆಯುತ್ತಾನೆ. ಚಿನ್ನದ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಕೆಳಗೆ ಇಡೀ ಗುಡಿ. ಬಾಗಿಲು ತೆರೆದು ಒಳಗೆ ಹೋದರೆ ಅನಿಮಿಷಯ್ಯ ಕೂತಿದ್ದಾನೆ, ರೆಪ್ಪೆ ಮುಚ್ಚದ ಯೋಗಿ, ಅಂಗೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಹೋಗುತ್ತದೆ.

ಉಪದೇಶ ಇಲ್ಲ, ಪ್ರಶ್ನೋತ್ತರ ಇಲ್ಲ. ಕೈಯಿಂದ ಕೈಗೆ ಒಂದು ವಸ್ತು ದಾಟಿತು, ಬಂದವನು ಬೇರೆ ಮನುಷ್ಯನಾಗಿ ಹೊರಗೆ ಬಂದ. ಡಿಎಂ ಆಗಿ ನಾನು ಇದರಿಂದ ಕಲಿತದ್ದು: ಬರುವವನ ಸ್ಥಿತಿ ಮುಖ್ಯ. ಅಲ್ಲಮ ದುಃಖದಲ್ಲಿ ಇರದಿದ್ದರೆ ಆ ನೆಲ ಕೆರೆಯುತ್ತಲೇ ಇರಲಿಲ್ಲ. ನಿಮ್ಮ ಪಾರ್ಟಿಯಲ್ಲಿ ಈಗ ಯಾರಿಗೆ ಏನು ಗಾಯ ಇದೆ? ಮುದುಕ ಅದಕ್ಕೇ ಹೊಂದಿಕೆ ಆಗಲಿ.

ಇನ್ನು ಕತ್ತಿ ತೆಗೆಯುವವರ ವಿಷಯ. ಗೋರಕ್ಷ ಮತ್ತು ಅಲ್ಲಮನ ಪ್ರಸಂಗ ನೆನಪು ಮಾಡಿಕೊಳ್ಳಿ. ಗೋರಕ್ಷನ ದೇಹ ವಜ್ರದಷ್ಟು ಗಟ್ಟಿ. ಕತ್ತಿಯಿಂದ ಹೊಡೆದರೆ ಖಣಿಲ್ ಅನ್ನುತ್ತದೆ, ಒಂದು ಗೆರೆಯೂ ಮೂಡುವುದಿಲ್ಲ. ಆಮೇಲೆ ಅಲ್ಲಮನ ಮೇಲೆ ಬೀಸಿದರೆ ಕತ್ತಿ ಬಯಲಿನಲ್ಲಿ ಹಾದ ಹಾಗೆ ಹಾದುಹೋಗುತ್ತದೆ. ಒಬ್ಬನಿಗೆ ದೊಡ್ಡ ಆರ್ಮರ್ ಕ್ಲಾಸ್ (ಏಟು ತಾಗದ ಹಾಗೆ ಕಾಯುವ ಅಂಕಿ), ಇನ್ನೊಬ್ಬನಿಗೆ ಆ ಅಂಕಿಯೇ ಅನ್ವಯಿಸುವುದಿಲ್ಲ. ಎರಡನೆಯದು ಎಷ್ಟು ಹೆದರಿಕೆ ಹುಟ್ಟಿಸುತ್ತದೆ ನೋಡಿ.

ಅಂಧೇರಿ ಅಕ್ಕ

ಮಾಟುಂಗಾದವರು ಬರೆದದ್ದು ಖುಷಿಯಿಂದ ಓದಿದೆ, ಆದರೂ ಒಂದು ಮಾತು ಹೇಳಲೇಬೇಕು. ಅಲ್ಲಮ, ಅನಿಮಿಷ ನಮ್ಮ ಮನೆಯಲ್ಲಿ ಪೂಜೆ ಆಗುವ ಹೆಸರುಗಳು. ಅವರನ್ನು ಹಿಟ್ ಪಾಯಿಂಟ್ (ಪ್ರಾಣದ ಅಂಕಿ), ಆರ್ಮರ್ ಕ್ಲಾಸ್ ಹಾಕಿ ಟೇಬಲ್ಲಿಗೆ ತರುವುದು ನನಗೆ ಸರಿ ಅನ್ನಿಸುವುದಿಲ್ಲ. ನನ್ನ ಅತ್ತೆ ಪಕ್ಕದ ಕೋಣೆಯಲ್ಲಿ ಇರುತ್ತಾರೆ. ನಾವು ಆಡುವುದು ಅವರಿಗೆ ಕೇಳಿಸುತ್ತದೆ.

ಮಾಟುಂಗಾ ಗುಹೇಶ್ವರ

ಅಕ್ಕ, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅವರನ್ನು ಪಾತ್ರ ಮಾಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಟೇಬಲ್ಲಿನಲ್ಲೂ ಮಾಡುವುದಿಲ್ಲ. ಪೂಜೆಯ ಹೆಸರು, ಲಿಂಗ, ಜಪ ಯಾವುದೂ ಆಟದೊಳಗೆ ಬರಬಾರದು. ತೆಗೆದುಕೊಳ್ಳಬೇಕಾದದ್ದು ಪ್ರಸಂಗದ ಮೈಕಟ್ಟು ಮಾತ್ರ: ಹುಡುಕದೆ ಸಿಕ್ಕಿದ ಬಾಗಿಲು, ಮಾತಿಲ್ಲದ ಭೇಟಿ, ಕೈ ಬದಲಾಗುವ ವಸ್ತು. ಡೊಂಬಿವಲಿಯವರೇ, ಸನ್ಯಾಸಿಗೆ ನಮ್ಮ ಯಾವ ಪಂಥದ ಗುರುತೂ ಹಾಕಬೇಡಿ.

ಡೊಂಬಿವಲಿ ಡಿಎಂ

ಖಂಡಿತ ಹಾಕುವುದಿಲ್ಲ ಅಕ್ಕ. ನಮ್ಮ ಟೇಬಲ್ಲಿನಲ್ಲಿ ಬೇರೆ ಬೇರೆ ಮನೆಯವರು ಇದ್ದಾರೆ, ಒಬ್ಬರಿಗೂ ನೋವಾಗಬಾರದು. ಸನ್ಯಾಸಿ ಅನ್ನುವುದನ್ನೇ ತೆಗೆಯುವ ಯೋಚನೆ ಬಂದಿದೆ. ಸ್ವಲ್ಪ ಸಮಯ ಕೊಡಿ, ಹೊಸದಾಗಿ ಬರೆದು ಹಾಕುತ್ತೇನೆ.

ವಾಸ್ಕೋ ಹಳೇ ಹಾಳೆ

ಹಳಬರಿಗಾಗಿ ಒಂದು ವಿಷಯ. ಈ ಆಟಕ್ಕೆ ಸನ್ಯಾಸಿ ಹೊಸಬನಲ್ಲ. ಈ ಆಟ ಹುಟ್ಟಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ ಸಿದ್ಧ ಸಾಹಸಕಥೆ "ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್" ಬಂದದ್ದು 1979ರ ಕೊನೆಗೆ. ಅದರಲ್ಲಿ ಕೋಟೆಯ ಹೊರಗಿನ ಕಾಡಿನಲ್ಲಿ ಒಬ್ಬ ಹುಚ್ಚು ಹಿಡಿದ ಸನ್ಯಾಸಿ ಇದ್ದಾನೆ. ದೊಡ್ಡ ಓಕ್ ಮರದ ಪೊಟರೆಯಲ್ಲಿ ವಾಸ, ಜೊತೆಗೆ ಸಾಕಿದ ಬೆಟ್ಟದ ಸಿಂಹ. ವರ್ಷಗಳು ಹೋದ ಹಾಗೆ ಅವನು ಇನ್ನಷ್ಟು ಒರಟಾಗಿ, ಅಪಾಯಕಾರಿಯಾಗಿ ಬದಲಾದ ಅಂತ ಅಲ್ಲಿ ಹೇಳಿದೆ. ಯಾಕೆ ಬದಲಾದ ಅನ್ನುವುದನ್ನು ಡಿಎಂಗೆ ಬಿಟ್ಟಿದ್ದಾರೆ. ಕೊಥ್ರೂಡ್ ಅವರ ಮೊದಲನೇ ಪ್ರಶ್ನೆ ಇದ್ದದ್ದೇ ಆ ಖಾಲಿ ಜಾಗದಲ್ಲಿ.

2014ರ ಆಟಗಾರರ ಕೈಪಿಡಿಯಲ್ಲಿ ಹರ್ಮಿಟ್ (ಒಂಟಿ ತಪಸ್ವಿ) ಅನ್ನುವ ಹಿನ್ನೆಲೆಯನ್ನು ಆಟಗಾರರೇ ಆರಿಸಿಕೊಳ್ಳಬಹುದು. ಅದರ ಜೊತೆ ಡಿಸ್ಕವರಿ ಅಂತ ಒಂದು ಸೌಲಭ್ಯ ಬರುತ್ತದೆ: ಒಂಟಿಯಾಗಿದ್ದಾಗ ಆ ಪಾತ್ರಕ್ಕೆ ಗೊತ್ತಾದ ಒಂದು ದೊಡ್ಡ ಸತ್ಯ. ನಿಮ್ಮ ಟೇಬಲ್ಲಿನಲ್ಲಿ ಯಾರಾದರೂ ಅದನ್ನು ತೆಗೆದುಕೊಂಡಿದ್ದರೆ ಈ ಗುಹೆಗೆ ಗಂಟು ಹಾಕಿ.

ಕೊಥ್ರೂಡ್ ಗುಹೆ

ಇನ್ನೊಂದು ನೆನಪಾಯಿತು. ಆಳಂದಿ ಪುಣೆಯ ಪಕ್ಕದಲ್ಲೇ ಇದೆ. 1296ರಲ್ಲಿ ಜ್ಞಾನೇಶ್ವರರು ಸಮಾಧಿ ತೆಗೆದುಕೊಂಡ ಊರು. ಅಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಚಾಂಗದೇವನದು. ಅವನು ನೂರಾರು ವರ್ಷ ಬದುಕಿದ ಯೋಗಿ. ಚಿಕ್ಕ ವಯಸ್ಸಿನ ಜ್ಞಾನೇಶ್ವರರಿಗೆ ಪತ್ರ ಬರೆಯಲು ಕೂತ. ವಯಸ್ಸಿನಲ್ಲಿ ಕಿರಿಯ, ಅರಿವಿನಲ್ಲಿ ಹಿರಿಯ, ಹೇಗೆ ಸಂಬೋಧಿಸುವುದು? ಗೊತ್ತಾಗದೆ ಖಾಲಿ ಹಾಳೆಯನ್ನೇ ಕಳಿಸಿದ. ಅದಕ್ಕೆ ಉತ್ತರವಾಗಿ ಬಂದದ್ದು 65 ಓವಿಗಳ (ಮರಾಠಿ ಪದ್ಯಗಳ) ಚಾಂಗದೇವ ಪಾಸಷ್ಟಿ.

ಅಕ್ಕನ ಮಾತು ಇಲ್ಲಿಗೂ ಅನ್ವಯಿಸುತ್ತದೆ, ಹೆಸರು ಬೇಡ. ಆದರೆ ಖಾಲಿ ಪತ್ರ ನೋಡಿ! ನಮ್ಮ ಕಥೆಗಳಲ್ಲಿ ಯಾವಾಗಲೂ ಪಾರ್ಟಿಯೇ ಸನ್ಯಾಸಿಯನ್ನು ಹುಡುಕಿಕೊಂಡು ಹೋಗುತ್ತದೆ. ಸನ್ಯಾಸಿಯ ಕಡೆಯಿಂದಲೇ ಮೊದಲು ಏನಾದರೂ ಕೆಳಗೆ ಬಂದರೆ?

ಡೊಂಬಿವಲಿ ಡಿಎಂ

ಎಲ್ಲರ ಮಾತು ಇಟ್ಟುಕೊಂಡು ಹೊಸದಾಗಿ ಕಟ್ಟಿದ್ದೇನೆ. ಉದ್ದ ಇದೆ, ಓದಿ. (ನನ್ನ ಟೇಬಲ್ಲಿನವರು ಇಲ್ಲಿ ಬರುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ.)

ಸನ್ಯಾಸಿ ಇಲ್ಲ. ಒಬ್ಬ ಅಜ್ಜಿ ಇದ್ದಾಳೆ. ಊರಿನವರು ಅವಳನ್ನು ದೊಡ್ಡ ತಪಸ್ವಿನಿ ಅಂತ ನಂಬಿದ್ದಾರೆ, ಮಕ್ಕಳನ್ನು ಆ ಕಡೆ ಬಿಡುವುದಿಲ್ಲ. ನಿಜ ಏನೆಂದರೆ ಅವಳು ಸುಂಕದ ಕಟ್ಟೆಯ ಕಾವಲುಗಾರ್ತಿ. ನಲವತ್ತು ವರ್ಷದ ಹಿಂದೆ ಆಚೆ ಕಡೆಯಿಂದ ಒಂದು ಜ್ವರ ಬಂತು. ಒಂದು ರಾತ್ರಿ ಹನ್ನೊಂದು ಜನ ಸುರಂಗದೊಳಗೆ ಈಚೆಗೆ ಓಡಿ ಬರುತ್ತಿದ್ದರು. ಎಲ್ಲರೂ ಅವಳ ಊರಿನವರೇ, ಅವರಲ್ಲಿ ಅವಳ ತಮ್ಮ ಕೂಡ. ಅವಳು ಬಾಗಿಲು ಹಾಕಿ ಅಗುಳಿ ಜಡಿದಳು. ಊರು ಉಳಿಯಿತು.

ಆಮೇಲೆ ಅವಳು ಅಲ್ಲಿಂದ ಕದಲಲಿಲ್ಲ. ಬಾಗಿಲ ಮುಂದೆ ಒಂದು ಹಳೇ ದೀಪ ಇದೆ. ಅದು ಉರಿಯುವ ತನಕ ಒಳಗಿರುವವರು ಸಾಯುವುದಿಲ್ಲ, ಮುದುಕರಾಗುವುದೂ ಇಲ್ಲ. ಆ ಜ್ವರವೂ ಅವರ ಮೈಯಲ್ಲಿ ಹಾಗೇ ನಿಂತಿದೆ. ದೀಪ ಆರಿದರೆ ನಲವತ್ತು ವರ್ಷ ಒಮ್ಮೆಗೇ ಹರಿಯುತ್ತದೆ. ಬಾಗಿಲು ತೆಗೆದರೆ ಅವರು ಹೊರಗೆ ಬರುತ್ತಾರೆ, ಜ್ವರವೂ ಬರುತ್ತದೆ. ಅಗುಳಿ ತೆಗೆಯುವ ಕೀಲು ದೀಪದ ಸರಪಳಿಯಲ್ಲೇ ನೇತಾಡುತ್ತಿದೆ. ಕಣ್ಣಿಗೆ ಕಾಣುವ ಜಾಗದಲ್ಲೇ.

ಅವಳಿಗೆ ಅನ್ನ, ಎಣ್ಣೆ ಕಳಿಸುತ್ತಿದ್ದದ್ದು ಕೆಳಗಿನ ಊರಿನ ಗಾಣದ ಮನೆಯ ಹೆಂಗಸು. ಒಳಗೆ ಸಿಕ್ಕಿಕೊಂಡವರಲ್ಲಿ ಒಬ್ಬನ ಹೆಂಡತಿ ಅವಳು. ಪಾರ್ಟಿ ಊರಿಗೆ ಬರುವ ದಿನ ಆ ಹೆಂಗಸು ತೀರಿಕೊಂಡಿರುತ್ತಾಳೆ. ಇವತ್ತೇ ಯಾಕೆ ಅನ್ನುವುದಕ್ಕೆ ಇದು ಉತ್ತರ. ಮತ್ತು ಕೊಥ್ರೂಡ್ ಅವರ ಖಾಲಿ ಪತ್ರದ ಜಾಗದಲ್ಲಿ ನನ್ನ ಹತ್ತಿರ ಒಂದು ಹೇಸರಗತ್ತೆ ಇದೆ. ಅದು ಖಾಲಿ ಎಣ್ಣೆ ಕೊಡಗಳನ್ನು ಹೊತ್ತುಕೊಂಡು ತಾನಾಗಿಯೇ ಘಟ್ಟ ಇಳಿದು ಬಂದು ಗಾಣದ ಮನೆಯ ಮುಂದೆ ನಿಲ್ಲುತ್ತದೆ. ತುಂಬಿಸಿಕೊಡುವವರು ಇಲ್ಲ.

ಸುಳಿವಿಗೆ ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಅವರ ಮೂರು ಸುಳಿವಿನ ನಿಯಮ ಇಟ್ಟುಕೊಂಡಿದ್ದೇನೆ. ಆಟಗಾರರು ಒಂದು ವಿಷಯ ತಿಳಿಯಲೇಬೇಕು ಅಂದರೆ ಅದಕ್ಕೆ ಕಡಿಮೆ ಅಂದರೂ ಮೂರು ಸುಳಿವು ಬೇಕು, ಯಾಕೆಂದರೆ ಒಂದನ್ನು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಓದುತ್ತಾರೆ. ಮೊದಲನೆಯದು ಎಣ್ಣೆಯ ಲೆಕ್ಕ. ಎರಡನೆಯದು ಬಾಗಿಲ ಮುಂದೆ ಸಾಲಾಗಿ ಹಾಕಿದ ಹನ್ನೊಂದು ಊಟದ ಎಲೆ. ಅಜ್ಜಿ ಪ್ರತಿ ದಿನ ಎಲೆ ಹಾಕಿ, ಒಂದೊಂದು ತುತ್ತು ಬಡಿಸಿ, ಆಮೇಲೆ ಅದನ್ನೇ ಒಟ್ಟು ಮಾಡಿ ತಾನು ಉಣ್ಣುತ್ತಾಳೆ. ಮೂರನೆಯದು ಬಾಗಿಲಿನ ಮೇಲಿನ ಗೀರುಗಳು. ಅವು ಹೊರಗಡೆ ಇವೆ, ಬಾಗಿಲು ತೆಗೆಯಲು ನೋಡಿದವರದು. ಅವಳ ಕೈಯ ಉಗುರುಗಳನ್ನು ನೋಡಿದವರಿಗೆ ಯಾರು ಅಂತ ತಿಳಿಯುತ್ತದೆ.

ಇನ್ನು ವಾಶಿಯವರ ಮಾತಿನಿಂದ ಹುಟ್ಟಿದ ಭಾಗ. ಅಜ್ಜಿ ನೇರವಾಗಿ ಮಾತಾಡುತ್ತಾಳೆ. "ಕೆಳಗೆ ಒಬ್ಬಳು ಸತ್ತಿದ್ದಾಳೆ. ನಾನು ಹೋಗಿ ಮಣ್ಣು ಹಾಕಿ ಬರಬೇಕು. ಬೆಳಗಾಗುವ ತನಕ ಈ ದೀಪ ನೋಡಿಕೊಳ್ಳುತ್ತೀರಾ?" ಅಷ್ಟೇ. ಅವಳು ಕೋಲು ಹಿಡಿದು ಇಳಿದು ಹೋಗುತ್ತಾಳೆ. ಆ ರಾತ್ರಿ ಗುಹೆಯಲ್ಲಿ ಪಾರ್ಟಿ ಮಾತ್ರ ಇರುತ್ತದೆ, ದೀಪ, ಮಳೆ, ಹನ್ನೊಂದು ಎಲೆ, ಮುಚ್ಚಿದ ಬಾಗಿಲು. ಸನ್ಯಾಸಿಯ ಭೇಟಿಯಲ್ಲಿ ಸನ್ಯಾಸಿಯೇ ಇರುವುದಿಲ್ಲ. ನಡುರಾತ್ರಿ ಒಳಗಿನಿಂದ ಬಾಗಿಲು ತಟ್ಟುವ ಸದ್ದು.

ವಾಶಿ ರೋಗ್

ಅಯ್ಯೋ, ನಾನು ಈ ಟೇಬಲ್ಲಿನಲ್ಲಿ ಇರಬೇಕಿತ್ತು. ನಮ್ಮನ್ನು ನಂಬಿ ಬಿಟ್ಟು ಹೋದಳು ಅನ್ನುವುದೇ ಎಷ್ಟು ಭಾರ ನೋಡಿ. ಯಾರೂ ನೋಡುತ್ತಿಲ್ಲ, ಕೀಲು ಕೈಗೆ ಸಿಗುವ ಹಾಗಿದೆ, ನಮಗೆ ಬೇಕಾದ ದಾರಿ ಬಾಗಿಲ ಆಚೆಯೇ ಇದೆ. ನನ್ನ ರೋಗ್ (ಕಳ್ಳಿಯ ಪಾತ್ರ) ಖಂಡಿತ ಕೀಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ತೆಗೆಯುತ್ತಿದ್ದಳಾ ಅನ್ನುವುದು ನನಗೇ ಗೊತ್ತಿಲ್ಲ.

ಮಡಗಾಂವ್ ದಾಳ

ತುಂಬಾ ಚೆನ್ನಾಗಿದೆ. ಎಣ್ಣೆಯ ಲೆಕ್ಕ ಅಂದಿರಲ್ಲ, ನಾನು ಕೂತು ಮಾಡಿದೆ, ಯಾಕೆಂದರೆ ನಿಮ್ಮ ಇಡೀ ಗುಟ್ಟು ಅದರಲ್ಲೇ ಅಡಗಿದೆ.

2014ರ ಕೈಪಿಡಿ ಪ್ರಕಾರ ಒಂದು ದೀಪ ಒಂದು ಫ್ಲಾಸ್ಕ್ ಎಣ್ಣೆಯಲ್ಲಿ 6 ಗಂಟೆ ಉರಿಯುತ್ತದೆ. ಹಗಲು ರಾತ್ರಿ ಉರಿಯಬೇಕು ಅಂದರೆ ದಿನಕ್ಕೆ 4 ಫ್ಲಾಸ್ಕ್, 30 ದಿನಕ್ಕೆ 120. ಒಂದು ಫ್ಲಾಸ್ಕ್‌ಗೆ 1 ಬೆಳ್ಳಿ ನಾಣ್ಯ, ಅಂದರೆ ತಿಂಗಳಿಗೆ 12 ಚಿನ್ನದ ನಾಣ್ಯ. ಅದೇ ಕೈಪಿಡಿಯಲ್ಲಿ ಕೂಲಿಯವನ ದಿನಗೂಲಿ 2 ಬೆಳ್ಳಿ. 12 ಚಿನ್ನ ಅಂದರೆ 120 ಬೆಳ್ಳಿ, 60 ದಿನದ ಕೂಲಿ. ತಿಂಗಳಿಗೆ 30 ದಿನ, ಎಣ್ಣೆಗೆ 60 ದಿನದ ಕೂಲಿ! ಇಬ್ಬರು ಆಳುಗಳ ಪೂರ್ತಿ ದುಡಿಮೆ ಆ ದೀಪಕ್ಕೆ ಸುರಿಯುತ್ತಿದೆ. ತೂಕವೂ ಇದೆ, ಒಂದು ಫ್ಲಾಸ್ಕ್ ಒಂದು ಪೌಂಡ್. 120 ಪೌಂಡ್ ಅಂದರೆ ಸುಮಾರು 54 ಕಿಲೋ. ಅದಕ್ಕೇ ಹೇಸರಗತ್ತೆ.

ಒಬ್ಬ ಗಾಣದ ಹೆಂಗಸಿನಿಂದ ಇದು ಆಗುವ ಮಾತಲ್ಲ. ಹಾಗಾದರೆ ಊರಿನಲ್ಲಿ ಇನ್ನೂ ಯಾರೋ ಕೊಡುತ್ತಿದ್ದಾರೆ. ಹನ್ನೊಂದು ಜನರ ಮನೆಯವರೂ ಗುಟ್ಟಾಗಿ ಪಾಲು ಹಾಕುತ್ತಿರಬಹುದು ಅಲ್ವಾ? ತಪಸ್ವಿನಿ ಅನ್ನುವ ಕಥೆಯನ್ನು ಹಬ್ಬಿಸಿದವರೂ ಅವರೇ ಆಗಿರಬಹುದು.

ಯಾರಾದರೂ ಅಜ್ಜಿಯನ್ನು ಹೊಡೆಯಲು ಹೋದರೆ ಏನು ಮಾಡುತ್ತೀರಿ?

ಡೊಂಬಿವಲಿ ಡಿಎಂ

ಪಾಲು ಹಾಕುವ ಯೋಚನೆಯನ್ನು ಈಗಲೇ ತೆಗೆದುಕೊಂಡೆ. ತುಂಬಾ ಥ್ಯಾಂಕ್ಸ್. ಹನ್ನೊಂದು ಮನೆಯ ಬಾಗಿಲ ಮೇಲೆ ಒಂದು ಎಣ್ಣೆ ಕೈಯ ಗುರುತು ಇರುತ್ತದೆ. ಅದು ನಾಲ್ಕನೇ ಸುಳಿವು.

ಅಜ್ಜಿಗೆ ನಾನು ಸಾಮಾನ್ಯ ಹಳ್ಳಿಯವರ ಅಂಕಿಗಳನ್ನೇ ಕೊಡುತ್ತೇನೆ. ಆರ್ಮರ್ ಕ್ಲಾಸ್ 10, ಹಿಟ್ ಪಾಯಿಂಟ್ 4. ಮಾಟುಂಗಾದವರು ಹೇಳಿದ ಎರಡೂ ಬಗೆ ಬಿಟ್ಟು ಮೂರನೆಯದನ್ನು ಹಿಡಿದಿದ್ದೇನೆ. ಒಂದೇ ಏಟಿಗೆ ಅವಳು ಸಾಯುತ್ತಾಳೆ. ಆಗ ದೀಪಕ್ಕೆ ಎಣ್ಣೆ ಹಾಕುವವರು ಯಾರು? ಹೊಡೆದವರೇ ಅಲ್ಲಿ ಉಳಿಯಬೇಕಾಗುತ್ತದೆ. ಅವಳಲ್ಲಿ ಯಾವ ಶಕ್ತಿಯೂ ಇಲ್ಲ ಅನ್ನುವುದು ನನಗೆ ಈ ಕಥೆಯಲ್ಲಿ ತುಂಬಾ ಮುಖ್ಯ.

ಮಾಟುಂಗಾ ಗುಹೇಶ್ವರ

4 ಹಿಟ್ ಪಾಯಿಂಟ್. ನನ್ನ ಸಲಹೆಗಿಂತ ಇದು ಮೇಲು ಮಾರಾಯ್ರೆ.

ಅಂಧೇರಿ ಅಕ್ಕ

ಇದನ್ನು ನಮ್ಮ ಮನೆಯಲ್ಲಿ ಆಡಿಸಬಹುದು. ಆ ಎಲೆ ಹಾಕುವ ಸಾಲು ಓದಿ ಗಂಟಲು ಕಟ್ಟಿತು.

ಡೊಂಬಿವಲಿ ಡಿಎಂ

ನಿನ್ನೆ ಆಡಿದೆವು. ನಡೆದದ್ದನ್ನು ಹೇಳುತ್ತೇನೆ.

ಊರಿನಲ್ಲಿ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಹೇಸರಗತ್ತೆಯ ಹಿಂದೆಯೇ ಎಲ್ಲರೂ ಹೊರಟರು. ಲೆಕ್ಕ ಮಾಡಿದ್ದು ಫೈಟರ್ (ಯೋಧನ ಪಾತ್ರ), ನಮ್ಮಲ್ಲಿ ಸಿಎ ಓದುತ್ತಿರುವ ಹುಡುಗ. ಮಡಗಾಂವ್ ಅವರು ಇಲ್ಲಿ ಮಾಡಿದ ಅದೇ ಲೆಕ್ಕವನ್ನು ಅವನು ಪೆನ್ನು ಹಿಡಿದು ಮಾಡಿ "ಇದು ಒಬ್ಬರ ದೀಪ ಅಲ್ಲ" ಅಂದ. ಇಡೀ ಟೇಬಲ್ ಸುಮ್ಮನಾಯಿತು.

ರಿಯಾಕ್ಷನ್ ರೋಲ್ ಎದುರಿಗೇ ಹಾಕಿದೆ. 7 ಬಿತ್ತು. ಅಜ್ಜಿ ಅವರ ಕಾಲುಗಳನ್ನು ನೋಡಿದಳು, ಕೆಸರು ಒರೆಸಿಕೊಂಡು ಬನ್ನಿ ಅಂದಳು. ರೋಗ್ ಎಲೆಗಳನ್ನು ಎಣಿಸಿದಳು, ಆದರೆ ಯಾರಿಗೂ ಹೇಳದೆ ನನಗೆ ಒಂದು ಚೀಟಿ ಕೊಟ್ಟಳು.

ರಾತ್ರಿಯ ಭಾಗ ಪೂರ್ತಿ ಅವರದೇ. ನಾನು ಮಾಡಿದ್ದು ಮಳೆಯ ಸದ್ದು ಹೇಳಿದ್ದು, ಎಣ್ಣೆ ಎಷ್ಟಿದೆ ಅಂತ ಹೇಳಿದ್ದು, ಒಂದು ಸಲ ಟೇಬಲ್ ಕೆಳಗೆ ಮೆಲ್ಲಗೆ ತಟ್ಟಿದ್ದು. ಕ್ಲೆರಿಕ್‌ಗೆ (ಪೂಜಾರಿಯ ಪಾತ್ರದವರಿಗೆ) ತಡೆಯಲು ಆಗಲಿಲ್ಲ, ಒಳಗೆ ಜೀವ ಇದೆ, ತೆಗೆಯಲೇಬೇಕು ಅಂದರು. ಫೈಟರ್ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಇಬ್ಬರೂ ಕತ್ತಿ ತೆಗೆಯಲಿಲ್ಲ, ಆದರೆ ಅರ್ಧ ಗಂಟೆ ವಾದ ಮಾಡಿದರು. ವಿಝಾರ್ಡ್ (ಮಂತ್ರವಾದಿ) ಅಷ್ಟೂ ಹೊತ್ತು ಎಣ್ಣೆ ಹಾಕುತ್ತಲೇ ಇದ್ದ, ಒಂದು ಮಾತೂ ಆಡಲಿಲ್ಲ. ಬೆಳಗಾಯಿತು, ಅಜ್ಜಿ ಬಂದಳು. ರೋಗ್ ನೇರವಾಗಿ ಕೇಳಿದಳು: "ಈ ಎಲೆಗಳು ಯಾರದು ಅಜ್ಜಿ?" ರೋಲ್ ಇಲ್ಲ. ಅಜ್ಜಿ ಒಂದೊಂದೇ ಎಲೆಯ ಮುಂದೆ ನಿಂತು ಹನ್ನೊಂದು ಹೆಸರು ಹೇಳಿದಳು.

ಸೆಷನ್ ಅಲ್ಲಿ ನಿಲ್ಲಿಸಿದೆ. ಮುಂದಿನ ಭಾನುವಾರಕ್ಕೆ ಅವರ ಯೋಜನೆ ಹೀಗಿದೆ: ಜ್ವರಕ್ಕೆ ಮದ್ದು ಹುಡುಕಬೇಕು, ಅಲ್ಲಿಯ ತನಕ ಎಣ್ಣೆಯ ಖರ್ಚು ಪಾರ್ಟಿಯೇ ಕೊಡಬೇಕು. ನಾನು ಇದನ್ನು ಯೋಚಿಸಿರಲೇ ಇಲ್ಲ. ಘಟ್ಟ ದಾಟುವ ಕೆಲಸ ಹಿಂದೆ ಬಿತ್ತು, ಈ ಬಾಗಿಲೇ ಕ್ಯಾಂಪೇನ್ (ವಾರ ವಾರ ಮುಂದುವರಿಯುವ ದೊಡ್ಡ ಕಥೆ) ಆಯಿತು.

ಕೊಥ್ರೂಡ್ ಗುಹೆ

ಭೂತಪಾಲನ ಕೆಲಸವನ್ನು ನಿಮ್ಮ ಪಾರ್ಟಿ ವಹಿಸಿಕೊಂಡಿತು ಅನ್ನಿ. ಒಂದೇ ಸಲಹೆ: ಮದ್ದು ಇದೆಯೋ ಇಲ್ಲವೋ ಅನ್ನುವುದನ್ನು ಭಾನುವಾರದ ಮೊದಲೇ ತೀರ್ಮಾನ ಮಾಡಿ ಬರೆದಿಡಿ. ಅವರು ಚೆನ್ನಾಗಿ ಊಹಿಸಿದರು ಅಂತ ಆಮೇಲೆ ಬದಲಾಯಿಸಬೇಡಿ.

ಡೊಂಬಿವಲಿ ಡಿಎಂ

ಬರೆದಾಯಿತು. ಇದೆ, ಆದರೆ ಹನ್ನೊಂದು ಜನರಿಗೆ ಸಾಲುವುದಿಲ್ಲ.

ವಾಶಿ ರೋಗ್

ನಮ್ಮ ಸೊಸೈಟಿಯ ಮಕ್ಕಳಿಗೆ ರಜೆಯಲ್ಲಿ ಇದನ್ನು ಒಂದೇ ಮಧ್ಯಾಹ್ನದಲ್ಲಿ ಆಡಿಸಲು ನನಗೆ ಆಸೆ. ಮೊದಲ ಸಲ ಡಿಎಂ ಆಗುತ್ತಿದ್ದೇನೆ. ಏನು ಬಿಡಲಿ?

ಡೊಂಬಿವಲಿ ಡಿಎಂ

ಊರಿನ ಭಾಗ ಬಿಡಿ, ಹೇಸರಗತ್ತೆ ಗುಹೆಗೆ ಹೋಗುವ ದಾರಿಯಲ್ಲೇ ಸಿಗಲಿ. ಮಕ್ಕಳಿಗೆ ಜ್ವರದ ಬದಲು ಒಳಗಿರುವವರು ಕಲ್ಲಾಗಿದ್ದಾರೆ ಅಂತ ಮಾಡಿ. ಎಲೆಗಳು ಬೇಕೇ ಬೇಕು. ನಿಜವಾಗಿಯೇ ಟೇಬಲ್ ಮೇಲೆ ಹನ್ನೊಂದು ಚಿಕ್ಕ ಎಲೆ ಸಾಲಾಗಿ ಇಡಿ, ಏನೂ ಹೇಳಬೇಡಿ. ಮಕ್ಕಳೇ ಎಣಿಸುತ್ತಾರೆ.